ಹುಲ್ಲು ಬಡತನಕ್ಕಲ್ಲ, ಗಾಳಿಗೆ

ಎರಡನೇ ಮಹಾಯುದ್ಧ ಕಾಲದ ಇಂಗ್ಲೆಂಡಿನ ವಾಯುನೆಲೆ ವೆಸ್ಟ್‌ಹ್ಯಾಂಪ್‌ನೆಟ್ ಬಗೆಗಿನ ನಿಮ್ಮ ಲೇಖನದಲ್ಲಿ ‘ಕಾಂಕ್ರೀಟ್ ಹಾಕಲು ದುಡ್ಡಿಲ್ಲದೆ ವೆಸ್ಟ್‌ಹ್ಯಾಂಪ್‌ನೆಟ್ ಹುಲ್ಲುಗಾವಲಾಗಿಯೇ ಉಳಿಯಿತು’ ಎಂದು ಬರೆದಿದ್ದೀರಿ. ಇದನ್ನು ಒಪ್ಪುವುದು ಕಷ್ಟ. ಅಲ್ಲಿಂದ ಹಾರುತ್ತಿದ್ದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಚಕ್ರಗಳ ನಡುವೆ ಅಂತರ ಕಡಿಮೆ, ಅಡ್ಡಗಾಳಿ ಬಂದರೆ ಇಳಿಸುವುದು ಪೇಚಾಟ. ಅಗಲವಾದ ಹುಲ್ಲಿನ ಮೈದಾನದಲ್ಲಿ ಗಾಳಿ ಎತ್ತಲಿಂದ ಬೀಸಿದರೂ ಆ ಕಡೆಗೇ ಮೂತಿ ತಿರುಗಿಸಿ ಏರಬಹುದು. ಮೂರ್ನಾಲ್ಕು ವಿಮಾನ ಒಟ್ಟಿಗೇ ಹೊರಡಬಹುದು. ಶತ್ರು ಬಂದ ಸುದ್ದಿ ಸಿಕ್ಕ ಮೇಲೆ ಒಂದೊಂದು ನಿಮಿಷವೂ ಮುಖ್ಯ ಅಲ್ವಾ? ತೊಂದರೆ ಇರಲಿಲ್ಲ ಅಂತಲ್ಲ. ಮಳೆಗಾಲದ ಕೆಸರು ದೊಡ್ಡ ತಲೆನೋವೇ.

ಇನ್ನೊಂದು ಮಾತು. ಅದನ್ನು ಹತ್ತಿರದ ಮುಖ್ಯ ವಾಯುನೆಲೆ ಟ್ಯಾಂಗ್‌ಮಿಯರ್‌ನ ‘ಬಾಲಂಗೋಚಿ’ ಎಂದಿದ್ದೀರಿ. ಕಾಗದದ ಮೇಲೆ ಉಪನೆಲೆ, ನಿಜ. ಆದರೆ 1940ರ ಆಗಸ್ಟ್ 16ರಂದು ಜರ್ಮನ್ ಸ್ಟೂಕಾ ಬಾಂಬರ್ ವಿಮಾನಗಳು ಟ್ಯಾಂಗ್‌ಮಿಯರ್ ಮೇಲೆ ಬಾಂಬ್ ಸುರಿಸಿದಾಗ ಈ ಹುಲ್ಲಿನಿಂದಲೇ 602ನೇ ಸ್ಕ್ವಾಡ್ರನ್ (ಯುದ್ಧವಿಮಾನಗಳ ತುಕಡಿ) ಮೇಲೇರಿತು. ಕಾಲುಗಳಿಲ್ಲದ ಪೈಲಟ್ ಡಗ್ಲಸ್ ಬೇಡರ್ 1941ರ ಆಗಸ್ಟ್ 9ರಂದು ಕೊನೆಯ ಯುದ್ಧ ಹಾರಾಟಕ್ಕೆ ಹೊರಟಿದ್ದೂ ಇಲ್ಲಿಂದಲೇ. ಅಂದು ಫ್ರಾನ್ಸ್‌ನಲ್ಲಿ ಸೆರೆಸಿಕ್ಕರು.

ಕಾರ್ ರೇಸ್ ಹುಚ್ಚಿರುವ ನನ್ನಂಥವರಿಗೆ ಗುಡ್‌ವುಡ್ ಟ್ರ್ಯಾಕ್ ಗೊತ್ತು. ವಿಮಾನಗಳು ಕೆಸರಲ್ಲಿ ಹೂತುಹೋಗದಿರಲೆಂದು ಇದೇ ವೆಸ್ಟ್‌ಹ್ಯಾಂಪ್‌ನೆಟ್ ಮೈದಾನದ ಸುತ್ತ ಹಾಕಿದ್ದ ರಸ್ತೆಯೇ 1948ರಲ್ಲಿ ಆ ರೇಸ್ ಟ್ರ್ಯಾಕ್ ಆಯಿತು. ಇದನ್ನು ನೀವು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.