ಸತ್ಯಾಂಶ: ಅಗಲ ಮುಖದ ನಾಯಿಯೆಲ್ಲ ಪಿಟ್‌ಬುಲ್ ಅಲ್ಲ

“ಪಿಟ್‌ಬುಲ್ ಸಾಕುವುದು ಬ್ಯಾನ್, ಕಂಡರೆ ಪೊಲೀಸರಿಗೆ ತಿಳಿಸಿ” ಎಂದು ನಾಯಿಯ ಫೋಟೋ ಸಮೇತ ಒಂದು ಮೆಸೇಜ್ ಮಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಅರ್ಧ ಕತೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್ ಸೇರಿ 23 ನಾಯಿ ತಳಿಗಳ ನಿಷೇಧಕ್ಕೆ ಸುತ್ತೋಲೆ ಕಳಿಸಿದ್ದು ನಿಜ. ಆದರೆ ಏಪ್ರಿಲ್‌ನಲ್ಲೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ ಭಾಗವನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ!

ಇನ್ನು ಫೋಟೋ. ಬಂದರಿನಲ್ಲಿ ಬೂತಾಯಿ ಮೀನಿನ ತಲೆಗೆ ಕಾದು ಕೂರುವ ಕಂದು ನಾಯಿಗೂ ಅಗಲ ದವಡೆ, ಗಿಡ್ಡ ಕೂದಲು ಇರುತ್ತದೆ, ಅಲ್ವಾ? ಅಮೆರಿಕದ ಫ್ಲೋರಿಡಾದಲ್ಲಿ 120 ನಾಯಿಗಳ ಡಿಎನ್‌ಎ ನೋಡಿದಾಗ, ದಿನವೂ ನಾಯಿಗಳ ನಡುವೆಯೇ ಇರುವ ಶೆಲ್ಟರ್ ಸಿಬ್ಬಂದಿ ಕೂಡ ಬೇರೆ ನಾಯಿಗಳನ್ನು ಪಿಟ್‌ಬುಲ್ ಎಂದುಕೊಂಡಿದ್ದು ಗೊತ್ತಾಯಿತು. ಮಸುಕು ಫೋಟೋ ನೋಡಿ ನಾವು ಹೇಳುವುದು ಸುಮ್ನೆ ಊಹೆ.

ಯಾವ ನಾಯಿ ಕಚ್ಚಿದರೂ ಗಾಯವನ್ನು 15 ನಿಮಿಷ ಸೋಪು ಹಾಕಿ ತೊಳೆಯಿರಿ. ರೇಬಿಸ್ ಲಸಿಕೆಗೆ ಅವತ್ತೇ ಹೋಗಿ.