ವ್ಯಾನ್ ಗೋ: ‘ಹುಚ್ಚು ಕಲಾವಿದ’ನ ಕಥೆಯನ್ನು ಕೈಬಿಡಬೇಕೇ?

ಪರ: ಉಣ್ಣೆಯ ಉಂಡೆಗಳನ್ನು ನೋಡಿ

ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂನಲ್ಲಿ ಕೆಂಪು ಅರಗು ಬಳಿದ ಒಂದು ಪೆಟ್ಟಿಗೆಯಿದೆ. ಅದರಲ್ಲಿ ಬಣ್ಣಬಣ್ಣದ ಉಣ್ಣೆಯ ಉಂಡೆಗಳು. ಕೆಲವದರಲ್ಲಿ ಬೇರೆ ಬೇರೆ ಬಣ್ಣದ ಎಳೆಗಳನ್ನು ಒಟ್ಟಿಗೇ ಸುತ್ತಿದೆ. ಯಾವ ಬಣ್ಣದ ಪಕ್ಕ ಯಾವುದನ್ನು ಇಟ್ಟರೆ ಎರಡೂ ಉರಿದೇಳುತ್ತವೆ ಎಂದು ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಪರೀಕ್ಷಿಸುತ್ತಿದ್ದದ್ದು ಹೀಗೆ. ಸೀರೆಯ ಒಡಲಿಗೆ ಅಂಚು ಹೊಂದಿಸುವ ನೇಕಾರನೂ ಇದನ್ನೇ ಮಾಡುತ್ತಾನೆ. ಅವನನ್ನು ಯಾರೂ ಹುಚ್ಚ ಎನ್ನುವುದಿಲ್ಲ; ವಿನ್ಸೆಂಟ್‌ನಿಂದ ಮಾತ್ರ ಹುಚ್ಚೇ ಚಿತ್ರ ಬರೆಸಿತು ಎಂಬ ಕಥೆ ನಡೆದುಬಂದಿದೆ.

1889ರ ಜೂನ್‌ನಲ್ಲಿ ಫ್ರಾನ್ಸಿನ ಸೇಂಟ್-ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿ ಬರೆದ ‘ನಕ್ಷತ್ರಗಳ ಇರುಳು’ ಚಿತ್ರ ತಲೆ ಕೆಟ್ಟವನ ಕನವರಿಕೆ ಎಂದೇ ಹೇಳಿಕೊಂಡು ಬಂದಿದ್ದೇವೆ. ಸುಳಿ ಸುಳಿಯಾಗಿ ತಿರುಗುವ ಆ ಇರುಳಿನಾಕಾಶವನ್ನು ಆತ ಬರೆದದ್ದು ಹಗಲಿನಲ್ಲಿ. ಕೆಳಗಿರುವ ಊರು ಅವನ ಕೋಣೆಯ ಕಿಟಕಿಗೆ ಕಾಣುತ್ತಲೇ ಇರಲಿಲ್ಲ; ಬೇಕೆಂದೇ ತಂದು ಅಲ್ಲಿ ಕೂರಿಸಿದ. ಮರುತಿಂಗಳು ರೋಗ ನಿಜವಾಗಿ ಕೆರಳಿದಾಗ ಬಣ್ಣವನ್ನೇ ಬಾಯಿಗೆ ಹಾಕಿಕೊಂಡ. ಅವನನ್ನು ಸ್ಟುಡಿಯೋದಿಂದ ದೂರವಿಟ್ಟರು, ವಾರಗಟ್ಟಲೆ ಕೆಲಸ ನಿಂತಿತು. ಹುಚ್ಚೇ ಬರೆಸುತ್ತಿದ್ದರೆ ಮಹಾಕೃತಿಗಳು ಆ ವಾರಗಳಲ್ಲೇ ಬರಬೇಕಿತ್ತಲ್ಲ!

ಔಷಧದಿಂದ ಅವನ ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಂಡಿತು ಎನ್ನುವವರೂ ಇದ್ದಾರೆ. ಹಾಗಿದ್ದರೆ ಬಿಳಿ ಕ್ಯಾನ್ವಾಸೂ ಹಳದಿಯಾಗಿಯೇ ಕಾಣುತ್ತಿತ್ತು, ಮತ್ತೆ ಹಳದಿ ಬಳಿಯುವುದೇಕೆ? ಕಾಗೆಗಳು ಹಾರುವ ಗೋಧಿಹೊಲವೇ ಕೊನೆಯ ಚಿತ್ರ ಎಂಬುದೂ ಅಷ್ಟೇ. ಮರದ ಬೇರುಗಳ ಚಿತ್ರವೇ ಕೊನೆಯದಿರಬೇಕು ಎಂಬುದು ಈಗಿನ ವಿದ್ವಾಂಸರ ಮತ. ಆದರೆ ಬೇರಿಗಿಂತ ಕಾಗೆ ಸಾವಿನ ಕಥೆಗೆ ಚೆನ್ನಾಗಿ ಒಗ್ಗುತ್ತದೆ. ಹುಚ್ಚರ ಮದುವೆಯಲ್ಲಿ ಉಂಡವನೇ ಜಾಣ. ಇಲ್ಲಿ ಉಂಡವರು ಕಿವಿ ಕೊಯ್ದುಕೊಂಡ ಕಥೆಯನ್ನು ಲೋಟ, ಅಂಗಿಗಳ ಮೇಲೆ ಅಚ್ಚು ಹಾಕಿಸಿ ಮಾರಿದವರು.

ವಿರೋಧ: ಗಾಯವನ್ನು ಒರೆಸಿಹಾಕಬೇಡಿ

ಉಣ್ಣೆಯ ಉಂಡೆಗಳ ಮಾತು ಒಪ್ಪಿದೆ. ನನ್ನ ತಕರಾರು ಕಥೆ ತಿದ್ದುವವರ ಉತ್ಸಾಹದ ಬಗ್ಗೆ. ಕಿವಿಯದೇ ಉದಾಹರಣೆ. 1888ರ ಡಿಸೆಂಬರ್ 23ರ ರಾತ್ರಿ ಫ್ರಾನ್ಸಿನ ಆರ್ಲ್ ಊರಿನಲ್ಲಿ ಆತ ಕೊಯ್ದುಕೊಂಡದ್ದು ಕಿವಿಯ ಹಾಲೆಯನ್ನಷ್ಟೇ, ಜನ ಸುಮ್ಮನೆ ಉಬ್ಬಿಸಿದ್ದಾರೆ ಎಂದು ವಿದ್ವಾಂಸರೇ ಬಹುಕಾಲ ಬರೆದರು. ಅವನಿಗೆ ಚಿಕಿತ್ಸೆ ನೀಡಿದ್ದ ಡಾಕ್ಟರ್ ಫೆಲಿಕ್ಸ್ ರೇ 1930ರಲ್ಲಿ ಔಷಧ ಚೀಟಿಯ ಮೇಲೆ ಗೀಚಿಕೊಟ್ಟ ಚಿತ್ರ 2016ರಲ್ಲಿ ಹೊರಬಂತು. ಕತ್ತಿ ಹಾದ ದಾರಿಯನ್ನು ಚುಕ್ಕಿಗೆರೆಯಲ್ಲಿ ತೋರಿಸಿದ್ದಾರೆ: ಹೋದದ್ದು ಹೆಚ್ಚುಕಡಿಮೆ ಇಡೀ ಕಿವಿ, ಉಳಿದದ್ದೇ ಹಾಲೆಯ ಚೂರು. ಸಂತೆಯ ಮಾತೇ ನಿಜಕ್ಕೆ ಹತ್ತಿರವಿತ್ತು.

ಆ ಗಾಯವನ್ನು ವಿನ್ಸೆಂಟ್ ಮುಚ್ಚಿಡಲಿಲ್ಲ. ಮುಂದಿನ ತಿಂಗಳೇ ಕನ್ನಡಿಯ ಮುಂದೆ ಕುಳಿತು, ಬ್ಯಾಂಡೇಜು ಸುತ್ತಿದ ತನ್ನ ಮುಖವನ್ನು ಎರಡು ಸಲ ಬರೆದ. ಮೇ ತಿಂಗಳಲ್ಲಿ ತಾನಾಗಿಯೇ ಒಪ್ಪಿ ಸೇಂಟ್-ರೆಮಿಗೆ ಸೇರಿದ. ತಮ್ಮ ಥಿಯೋಗೆ ಬರೆದ ಕಾಗದಗಳಲ್ಲಿ ರೋಗದ ಮುಂದಿನ ಆಘಾತ ಯಾವಾಗ ಎಂಬ ದಿಗಿಲು ಮತ್ತೆ ಮತ್ತೆ ಬರುತ್ತದೆ. ಕೆಲಸದ ಅವಸರಕ್ಕೂ ಆ ದಿಗಿಲಿಗೂ ಸಂಬಂಧವೇ ಇಲ್ಲ ಎಂದರೆ ನಾನಂತೂ ನಂಬುವುದಿಲ್ಲ.

ರೋಗ ಬಂದಾಗ ಕೆಲಸ ನಿಲ್ಲುತ್ತಿತ್ತು ಎಂಬುದೂ ಪೂರ್ತಿ ಸರಿಯಲ್ಲ. 1890ರ ವಸಂತದಲ್ಲಿ, ಕಾಯಿಲೆಯ ನಡುವೆಯೇ, ಹುಟ್ಟೂರಿನ ಕಡೆಯ ನೆನಪುಗಳನ್ನು ಸಣ್ಣ ಚಿತ್ರಗಳಾಗಿ ಬರೆದಿದ್ದಾನೆ. ಮೇಲೆ ಹೇಳಿದ ಆ ಜುಲೈನ ಆಘಾತ ಅಪ್ಪಳಿಸಿದ್ದು ಬಯಲಿನಲ್ಲಿ, ಗಾಳಿ ಬೀಸುವ ದಿನ, ಕಲ್ಲುಗಣಿಯ ಬಾಯಿಯನ್ನು ಬರೆಯುತ್ತಿದ್ದಾಗಲೇ. ಆದರೂ ಆ ಚಿತ್ರವನ್ನು ಮುಗಿಸಿದೆ ಎಂದು ತಮ್ಮನಿಗೆ ತಿಳಿಸಿದ. ಅದರಲ್ಲಿ ಸುಳಿಯೂ ಇಲ್ಲ, ಉರಿಯುವ ಸೂರ್ಯನೂ ಇಲ್ಲ. ಮಂಕು ಹಸಿರು, ತುಕ್ಕಿನ ಬಣ್ಣದ ಬಂಡೆ.