ದೇವರನ್ನು ಸೇರಲು ಪ್ರೀತಿಯೊಂದೇ ಸಾಕಾ?

ಪರ: ಸಾಕು

ರಾಯಚೂರು ಜಿಲ್ಲೆಯ ಮಾನ್ವಿ ಕಡೆ ಹರಿದಾಸ ಜಗನ್ನಾಥದಾಸರ ಕಥೆ ಗೊತ್ತಿಲ್ಲದವರು ಕಡಿಮೆ. ದಾಸರಾಗುವ ಮೊದಲು ಅವರು ಬ್ಯಾಗವಾಟದ ಶ್ರೀನಿವಾಸಾಚಾರ್ಯರು, ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವು ಅಂತ ನೆಪ ಹೇಳಿ ತಪ್ಪಿಸಿಕೊಂಡರಂತೆ. ಆ ನೆಪವೇ ರೋಗವಾಯಿತು. ಓದಿದ್ದು ಯಾವುದೂ ಕೈ ಹಿಡಿಯಲಿಲ್ಲ. ಕೊನೆಗೆ ವಿಜಯದಾಸರ ಶಿಷ್ಯ ಗೋಪಾಲದಾಸರು ತಮ್ಮ ಆಯುಷ್ಯದಲ್ಲೇ 40 ವರ್ಷ ಕೊಟ್ಟು ಉಳಿಸಿದರು ಅಂತ ನಂಬಿಕೆ. ಜಗನ್ನಾಥದಾಸರು 1809ರವರೆಗೆ ಬಾಳಿದರು. ಪವಾಡವನ್ನು ನಂಬದವರೂ ಒಂದು ಒಪ್ಪಬೇಕು: ಇನ್ನೊಬ್ಬರಿಗೆ ಆಯುಷ್ಯ ಕೊಡುವ ಮನಸ್ಸು ಪ್ರೀತಿಯಿಂದ ಬರುತ್ತದೆ, ವಾದದಿಂದ ಬರಲ್ಲ.

ಬೇರೆ ಮತಗಳಲ್ಲೂ ಇದೇ ಕಾಣುತ್ತದೆ. ಬಾಗ್ದಾದಿನ ದೊಡ್ಡ ಮದರಸಾದಲ್ಲಿ ಪಾಠ ಹೇಳುತ್ತಿದ್ದ ಇಮಾಮ್ ಗಜಾಲಿ 1095ರಲ್ಲಿ ಆ ಹುದ್ದೆ ಬಿಟ್ಟು ಸೂಫಿಗಳ ದಾರಿ ಹಿಡಿದರು. ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ 1273ರಲ್ಲಿ ಪೂಜೆಯ ಹೊತ್ತಿನ ಒಂದು ಅನುಭವದ ನಂತರ ತಾವು ಬರೆದದ್ದೆಲ್ಲ ಒಣಹುಲ್ಲು ಅಂದರು, ಮುಂದೆ ಬರೆಯಲೇ ಇಲ್ಲ. ಗೀತೆಯ 12ನೇ ಅಧ್ಯಾಯದಲ್ಲಿ ಅರ್ಜುನ ನೇರವಾಗಿ ಕೇಳುತ್ತಾನೆ, ನಿನ್ನನ್ನು ಭಕ್ತಿಯಿಂದ ಭಜಿಸುವವರು ಮೇಲಾ, ಆಕಾರವಿಲ್ಲದ ಬ್ರಹ್ಮವನ್ನು ಧ್ಯಾನಿಸುವವರು ಮೇಲಾ ಅಂತ. ಆಕಾರವಿಲ್ಲದ್ದರ ಬೆನ್ನು ಹತ್ತಿದವರಿಗೆ ಕಷ್ಟ ಜಾಸ್ತಿ ಅನ್ನುತ್ತಾನೆ ಕೃಷ್ಣ.

ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಗಳಿಂದ ಟ್ರ್ಯಾಕ್ಟರ್‌ಗಟ್ಟಲೆ ಜೋಳದ ರೊಟ್ಟಿ ಬರುತ್ತವೆ. ತಟ್ಟಿ, ಸುಟ್ಟು, ಒಣಗಿಸಿದ ಖಡಕ್ ರೊಟ್ಟಿ. ಅವನ್ನು ತಟ್ಟಿದ ಅವ್ವಂದಿರಲ್ಲಿ ಎಷ್ಟೋ ಜನಕ್ಕೆ ಓದು ಬರಹ ಬಾರದು. ಅವರಿಗೆ ದಾರಿ ಇಲ್ಲ ಅನ್ನೋಕೆ ನನಗಂತೂ ಬಾಯಿ ಬರಲ್ಲ.

ವಿರೋಧ: ಸಾಲದು

ಓದು ಬಾರದ ಅವ್ವನಿಗೆ ಅರಿವಿಲ್ಲ ಅಂತ ಯಾರು ಹೇಳಿದ್ದು? ಜಾತ್ರೆಗೆ ಬಂದ ಪರಊರಿನವರು ಹಸಿದು ಹೋಗಬಾರದು ಅಂತ ಆಕೆಗೆ ಗೊತ್ತು. ಅದಕ್ಕೇ ತಟ್ಟಿದ್ದು.

ಜಗನ್ನಾಥದಾಸರ ಕಥೆಯನ್ನೂ ಅರ್ಧಕ್ಕೆ ನಿಲ್ಲಿಸಬಾರದು. ದಾಸರಾದ ಮೇಲೆ ಓದಿದ್ದನ್ನೆಲ್ಲ ಹೊಳೆಗೆ ಎಸೆದರಾ? ಇಲ್ಲ. ಅದೇ ತತ್ವವನ್ನು ಕನ್ನಡದ ಭಾಮಿನಿ ಷಟ್ಪದಿಗೆ ಇಳಿಸಿ ಹರಿಕಥಾಮೃತಸಾರ ಬರೆದರು. ಅವರ ಮತದ ಮೂಲಗುರು ಮಧ್ವಾಚಾರ್ಯರ ಪ್ರಕಾರ, ದೇವರ ಮಹಿಮೆ ತಿಳಿದ ಮೇಲೆ ಹುಟ್ಟುವ ಗಟ್ಟಿ ಸ್ನೇಹವೇ ಭಕ್ತಿ. ತಿಳಿಯೋದು ಮೊದಲು. ಆನೆಗೊಂದಿಯ ನವಬೃಂದಾವನದಲ್ಲಿ ಸಮಾಧಿಯಾಗಿರುವ ಮಾಧ್ವ ಯತಿ ವ್ಯಾಸರಾಯರನ್ನೇ ನೋಡಿ. ತರ್ಕದಲ್ಲಿ ಎತ್ತಿದ ಕೈ. ಕೃಷ್ಣನನ್ನು ಬೇಗನೆ ಬಾರೋ ಅಂತ ಕರೆದು ಹಾಡಿದವರೂ ಅವರೇ.

ಕೊಪ್ಪಳವನ್ನು ತೀರ್ಥವೆಂದು ನಂಬಿದ್ದ ಜೈನರಿಗೂ ಸರಿಯಾದ ನಂಬಿಕೆ, ತಿಳಿವಳಿಕೆ, ನಡತೆ ಮೂರೂ ಸೇರಬೇಕು. ಬೌದ್ಧರು ಕರುಣೆಯ ಜೊತೆ ಪ್ರಜ್ಞೆಯನ್ನೂ ಕೇಳುತ್ತಾರೆ.

ಅರಿವಿಲ್ಲದ ಪ್ರೀತಿ ಕಂಡರೆ ನನಗೆ ಭಯ. ನನ್ನ ದೇವರು ಅನ್ನುವ ಪ್ರೀತಿ, ನಿನ್ನದು ದೇವರೇ ಅಲ್ಲ ಅನ್ನೋಕೆ ಎಷ್ಟು ಹೊತ್ತು ಬೇಕು? ಗವಿಮಠದ ಬಂಡೆಯ ಮೇಲೆ, ಮಸ್ಕಿಯಲ್ಲಿ ಕಿರುಶಾಸನ ಕೆತ್ತಿಸಿದ ಅಶೋಕ ಇದನ್ನು ಕಂಡಿದ್ದ. ತನ್ನ ಮತದ ಮೇಲಿನ ಭಕ್ತಿಯಿಂದಲೇ ಬೇರೆ ಮತವನ್ನು ಹಳಿಯುವವನು ತನ್ನ ಮತಕ್ಕೇ ಜಾಸ್ತಿ ಕೇಡು ಮಾಡುತ್ತಾನೆ ಅಂತ 12ನೇ ಬಂಡೆಶಾಸನದಲ್ಲಿ ಬರೆಸಿದ. ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿಸಿಕೊಳ್ಳಬೇಕು ಅಂತಲೂ ಅದರಲ್ಲಿದೆ. ಕೇಳಿಸಿಕೊಂಡು ತಿಳಿಯೋದು ಜ್ಞಾನದ ಕೆಲಸವೇ ಅಲ್ವಾ?